ಹೊತ್ತು ತಂದವರು

ಟಿಕೆಟ್ ಕೊಡುವ ಹುಡುಗಿ ಯಾವ ದೇಶದವರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಓಡ್ನಿ ಇದೇ ದೇಶದವರು ಎಂದಳು, ಮುಂದಿನ ಸಾಲಿನಲ್ಲೇ ಎರಡು ಸೀಟು ಬೇಕೆಂದಳು. ಹುಡುಗಿ ಅಚ್ಚರಿಯಿಂದ ನೋಡಿದಳು. ರೇಕ್ಯಾವಿಕ್ ಬಂದರಿನ ಈ ಶೆಡ್ಡಿಗೆ, ಕುಲುಮೆಯಲ್ಲಿ ಕರಗಿಸಿ ಕೋಣೆಯೊಳಗೆ ಹರಿಸುವ ಲಾವಾದ ಪ್ರದರ್ಶನ ನೋಡಲು ಊರಿನವರು ಬರುವುದು ಅಪರೂಪ.

ಊರುಗೋಲು ಊರಿಕೊಂಡು ಹಿಂದೆಯೇ ಬಂದ ಸಾಲ್ವೋರ್ ದಾರಿಯುದ್ದಕ್ಕೂ ಗೊಣಗಿದ್ದಳು. ಗಾಳಿ ಹೊಡೆಯುತ್ತಿದೆ, ಸೊಂಟ ನೋಯುತ್ತಿದೆ, ಸೊಸೆ ಹೊಟ್ಟೆಗೆ ಬರೀ ಒಣಮೀನು ಹಾಕಿ ಕರೆತಂದಿದ್ದಾಳೆ, ಎಲ್ಲಿಗೆ ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಸಾಲ್ವೋರ್ ಓಡ್ನಿಯ ಅತ್ತೆ. ಗಂಡ ಎರ್ಲಿಂಗ್ ಬೇರೆಯಾಗಿ ವರ್ಷ ಕಳೆದರೂ ಅತ್ತೆ ಮಾತ್ರ ಇವಳ ಪಾಲಿಗೇ ಉಳಿದಿದ್ದಳು. ಮಗನಿಗೆ ಇರುವುದು ಮಹಡಿಯ ಮೇಲೆ ಒಂದೇ ಕೋಣೆ, ಅಲ್ಲಿ ಮುದುಕಿಯನ್ನು ಹೇಗೆ ಇಟ್ಟುಕೊಳ್ಳುವುದು ಎಂಬುದು ಅವನು ಹೇಳುತ್ತ ಬಂದ ಕಾರಣ.

ಅವರೆಲ್ಲ ಒಟ್ಟಿಗಿದ್ದ ಮನೆ ದಕ್ಷಿಣದ ಕರಾವಳಿಯಲ್ಲಿತ್ತು. ಎರಡು ಚಳಿಗಾಲಗಳ ಹಿಂದೆ ಊರಾಚೆಯ ನೆಲ ಸೀಳಿ ಲಾವಾ ಹರಿದು ಬಂದಾಗ ಅದು ಸುಟ್ಟು ಕಲ್ಲಿನಡಿ ಸೇರಿತು. ಅಂದು ಬೆಳಿಗ್ಗೆ ಸೈರನ್ ಕೂಗಿದಾಗ ಸಾಲ್ವೋರಳ ಸೊಂಟ ಮುರಿದು ವಾರವೂ ಆಗಿರಲಿಲ್ಲ. ಹಿಮ ತುಂಬಿದ ಓಣಿಗೆ ಕಾರು ಬರುವಂತಿರಲಿಲ್ಲ. ಓಡ್ನಿ ಅತ್ತೆಯನ್ನು ಬೆನ್ನ ಮೇಲೆ ಹೊತ್ತು, ಮೊಣಕಾಲುದ್ದ ಹಿಮದಲ್ಲಿ ಮುಖ್ಯರಸ್ತೆಯವರೆಗೆ ನಡೆದಿದ್ದಳು. ಎರ್ಲಿಂಗ್ ಆಗ ಗೆಳೆಯರ ಜೊತೆ ಬೇರೆ ದೇಶದ ಟೆನೆರೀಫೆ ದ್ವೀಪದ ಬಿಸಿಲಿನಲ್ಲಿ ಗಾಲ್ಫ್ ಆಡುತ್ತಿದ್ದ.

ಈಗ ಅವನು ಈ ಶೆಡ್ಡಿನಲ್ಲಿ ಪ್ರವಾಸಿಗಳಿಗೆ ಲಾವಾದ ಕತೆ ಹೇಳುವ ಕೆಲಸಕ್ಕೆ ಸೇರಿದ್ದ. ಓಡ್ನಿಯ ಜೊತೆ ಮೀನಿನ ಕಾರ್ಖಾನೆಯಲ್ಲಿ ದುಡಿಯುವ ಪೋಲೆಂಡಿನ ಹೆಂಗಸೊಬ್ಬಳು ಊರಿಂದ ಬಂದ ನೆಂಟರಿಗೆ ಇದನ್ನು ತೋರಿಸಿ ಬಂದಿದ್ದಳು. ನಿನ್ನ ಗಂಡ ತಾಯಿಯನ್ನು ತೋಳಿನಲ್ಲಿ ಎತ್ತಿಕೊಂಡು ಬಂದದ್ದನ್ನು ಕೇಳಿ ನಮ್ಮ ಚಿಕ್ಕಮ್ಮ ಅತ್ತುಬಿಟ್ಟಳು ಎಂದು ಮರುದಿನ ಹೇಳಿದ್ದಳು. ಅದನ್ನು ಕೇಳಿದಾಗಿನಿಂದ ಓಡ್ನಿಗೆ ಅನ್ನ ನೀರು ಸೇರಿರಲಿಲ್ಲ.

ಎಲ್ಲರಿಗೂ ಕಿಡಿ ತಡೆಯುವ ದಪ್ಪ ಕನ್ನಡಕ ಹಂಚಿದರು. ದೀಪ ಆರಿತು. ಕತ್ತಲಲ್ಲಿ ಎರ್ಲಿಂಗನ ದನಿ ಕೇಳಿದ್ದೇ ಸಾಲ್ವೋರ್ ಸೊಸೆಯ ಕೈ ಹಿಡಿದೆಳೆದು, "ಇವನನ್ನ ನೋಡೋಕಾ ಕರ್ಕೊಂಡು ಬಂದಿದ್ದು?" ಎಂದು ಪಿಸುಗುಟ್ಟಿದಳು.

"ನೋಡೋಕಲ್ಲ, ಕೇಳೋಕೆ. ಸುಮ್ಮನೆ ಕೂತ್ಕೋ ಸಾಲ್ವೋರ್."

ಗೋಡೆಯಾಚೆಯ ಕುಲುಮೆ ಮೊರೆಯಿತು. ಕಬ್ಬಿಣದ ಕಾಲುವೆಯಲ್ಲಿ ಲಾವಾ ಜಾರಿ ಬಂತು. ಮೊದಲು ಬೆಳ್ಳಗೆ ಹೊಳೆದು, ಆಮೇಲೆ ಕಿತ್ತಳೆಯಾಗಿ, ಕಪ್ಪು ಮರಳಿನ ಮೇಲೆ ಸೋಮಾರಿಯಂತೆ ಹರಡಿತು. ಕಾವು ಕೆನ್ನೆಗೆ ರಾಚಿತು. ಜನ ಹಾ ಎಂದು ಬಾಯಿ ತೆರೆದರು. ಓಡ್ನಿ ಮಾತ್ರ ಮುಖ ತಿರುಗಿಸಿದಳು. ಇದೇ ಬಣ್ಣ ಅವಳ ಅಡುಗೆಮನೆಯ ಗೋಡೆಯನ್ನು ನೆಕ್ಕಿದ್ದನ್ನು ಅವಳು ಟೀವಿಯಲ್ಲಿ ನೋಡಿದ್ದಳು.

ಆ ಬೆಳಕು ಮುಂದಿನ ಸಾಲಿನ ಮುಖಗಳ ಮೇಲೂ ಬಿತ್ತು. ಸಲಾಕೆ ಹಿಡಿದು ನಿಂತಿದ್ದ ಎರ್ಲಿಂಗ್ ಇಬ್ಬರನ್ನೂ ಕಂಡ. ಮಾತು ಒಂದು ಕ್ಷಣ ತಡವರಿಸಿತು. ಓಡ್ನಿ ಅವನು ಕತೆ ಬದಲಿಸುತ್ತಾನೆ ಎಂದುಕೊಂಡಳು. ಅವನು ಬದಲಿಸಲಿಲ್ಲ. ಲಾವಾದ ಕಪ್ಪು ಕೆನೆಯನ್ನು ಸಲಾಕೆಯಿಂದ ಕೆದಕುತ್ತ, ಅಮ್ಮನನ್ನು ಎತ್ತಿಕೊಂಡು ಹಿಮದಲ್ಲಿ ಓಡಿದ್ದನ್ನು ಹೇಳಿದ. ಹೆಂಡತಿ ಪೆಟ್ಟಿಗೆಗಳಿಗಾಗಿ ಅಳುತ್ತ ಬಾಗಿಲಲ್ಲೇ ನಿಂತಿದ್ದಳೆಂದೂ, ತಾನು ಗದರಿಸಿ ಹೊರಡಿಸಿದೆನೆಂದೂ ಸೇರಿಸಿದ. ಇದು ಓಡ್ನಿ ಕೇಳಿರದ ಹೊಸ ಭಾಗ.

ಅವಳು ಎದ್ದು ನಿಂತಳು. ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಕೇಳಿದಳು.

"ನಾನೇ ಆ ಹೆಂಡತಿ. ಆವತ್ತು ಬೆಳಿಗ್ಗೆ ನೀನು ಯಾವ ದೇಶದಲ್ಲಿದ್ದೆ ಅಂತ ಇವರಿಗೂ ಹೇಳು."

ಆರುತ್ತಿದ್ದ ಲಾವಾ ಗಾಜು ಸೀಳುವಂತೆ ಚಿಟಚಿಟ ಎನ್ನುತ್ತಿತ್ತು. ಎರ್ಲಿಂಗ್ ಬಲವಂತದ ನಗೆ ನಕ್ಕ. ನಾವು ಬೇರೆಯಾಗಿದ್ದೇವೆ, ಇವಳಿಗೆ ಇನ್ನೂ ಕೋಪ ಎಂದು ಜನರಿಗೆ ವಿವರಿಸಿದ. ಆಮೇಲೆ ಸಲಾಕೆಯನ್ನು ಸಾಲ್ವೋರಳ ಕಡೆ ತೋರಿಸಿ, "ನಮ್ಮಮ್ಮ ಇಲ್ಲೇ ಕೂತಿದ್ದಾಳೆ. ಅವಳನ್ನೇ ಕೇಳಿ" ಎಂದ.

ಎಲ್ಲ ಕನ್ನಡಕಗಳೂ ಮುದುಕಿಯತ್ತ ತಿರುಗಿದವು. ಸಾಲ್ವೋರ್ ಊರುಗೋಲು ನೆಟ್ಟು, ಬೆನ್ನು ನೇರ ಮಾಡಿ, ತನಗೆ ಬರುವ ಹರಕು ಇಂಗ್ಲಿಷಿನಲ್ಲಿ ಹೇಳಿದಳು:

"ನನ್ನ ಹೊತ್ತುಕೊಂಡು ಬಂದವನು ನನ್ನ ಮಗನೇ."

ಚಪ್ಪಾಳೆ ಬಿತ್ತು. ಹಿಂದಿನಿಂದ ಯಾರೋ ಓಡ್ನಿಗೆ ಕೂತುಕೊಳ್ಳಮ್ಮ ಎಂದರು. ಅವಳು ಕೂರಲಿಲ್ಲ, ಬಾಗಿಲು ತಳ್ಳಿಕೊಂಡು ಹೊರಗಿನ ಹಜಾರಕ್ಕೆ ಹೋದಳು.

ಪ್ರವಾಸಿಗಳು ಸಾಲ್ವೋರಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಮುಗಿಯುವವರೆಗೂ ಓಡ್ನಿ ಅಲ್ಲೇ ಕಾದಳು. ಜನ ಕರಗಿದ ಮೇಲೆ ಅತ್ತೆಯ ಹತ್ತಿರ ಹೋಗಿ, ಯಾಕೆ ಹಾಗಂದೆ ಎಂದಷ್ಟೇ ಕೇಳಿದಳು.

"ಅಷ್ಟು ಜನರೆದುರಿಗೆ ನನ್ನ ಮಗ ಸುಳ್ಳ ಅಂತ ನನ್ನ ಬಾಯಲ್ಲೇ ಹೇಳಿಸ್ಬೇಕಿತ್ತಾ ನಿಂಗೆ?" ಎಂದಳು ಸಾಲ್ವೋರ್. "ನೀನು ಹೊತ್ತೆ, ಇಲ್ಲ ಅನ್ನಲ್ಲ. ಆದ್ರೆ ಅವತ್ತಿಂದ ದಿನಾ ಅದನ್ನ ನನ್ನ ತಲೆ ಮೇಲೆ ಹೊರಿಸ್ತಿದೀಯ. ಸೂಪು ಬಡಿಸಿದ್ರೂ ಅದೇ ಮುಖ, ಕಾಲು ಒತ್ತಿದ್ರೂ ಅದೇ ಮುಖ. ಅವನು ಸುಳ್ಳೇ ಹೇಳಿದ್ರೂ ಪ್ರೀತಿಯಿಂದ ಹೇಳ್ತಾನೆ."

ಆ ಮಾತು ಓಡ್ನಿಗೆ ನಾಟಿತು. ಅದರಲ್ಲಿ ನಿಜವಿತ್ತು, ಅದಕ್ಕೇ ಸಿಟ್ಟು ಇನ್ನೂ ಏರಿತು. ಅತ್ತೆಯ ಮಾತ್ರೆಗಳ ಚೀಲವನ್ನು ತನ್ನ ಹೆಗಲಿನಿಂದ ಇಳಿಸಿ, ಕೈಗವಸು ಕಳಚುತ್ತ ಬಂದ ಎರ್ಲಿಂಗನ ತೋಳಿಗೆ ಹಾಕಿದಳು.

"ಏನಿದು?" ಎಂದ ಅವನು.

"ನಿಮ್ಮಮ್ಮನ ಮಾತ್ರೆ. ಬಟ್ಟೆ ನಾಳೆ ಕಳಿಸ್ತೀನಿ."

"ಓಡ್ನಿ, ಹುಚ್ಚಾ ನಿಂಗೆ? ನನ್ನ ಕೋಣೇಲಿ ಎಲ್ಲಿ ಮಲಗಿಸ್ಲಿ ಇವಳನ್ನ?"

"ಬೆಂಕಿ ಬಾಯಿಂದ ಎತ್ಕೊಂಡು ಬಂದವನಿಗೆ ಮಹಡಿ ಹತ್ತಿಸೋದು ಕಷ್ಟವಾ?"

ಸಾಲ್ವೋರ್ ಮಗನ ಮುಖ ನೋಡಿದಳು. ಪ್ರೀತಿಯ ಮಗನ ಮುಖದಲ್ಲಿ ಆಗ ಕಂಡದ್ದು ಬರೀ ಗಾಬರಿ. ಅದನ್ನು ಅವಳೂ ಕಂಡಳು, ಓಡ್ನಿಯೂ ಕಂಡಳು. ಆದರೂ ಮುದುಕಿ ತುಟಿ ಬಿಗಿದು ಅವನ ತೋಳು ಹಿಡಿದುಕೊಂಡಳು. ಓಡ್ನಿ ಒಬ್ಬಳೇ ಹೊರಗೆ ಹೋಗಿ ಕಾರು ಹತ್ತಿದಳು.

ಮೊದಲ ಕೆಲವು ರಾತ್ರಿ ಪಕ್ಕದ ಕೋಣೆಯಿಂದ ಬರುತ್ತಿದ್ದ ಅತ್ತೆಯ ಕೆಮ್ಮಿಗಾಗಿ ಓಡ್ನಿಯ ಕಿವಿ ತಾನಾಗಿಯೇ ಕಾಯುತ್ತಿತ್ತು. ಅದಕ್ಕೆ ಅವಳು ತನ್ನನ್ನೇ ಬೈದುಕೊಂಡಳು. ಆಮೇಲೆ ಆ ಕೋಣೆಯ ಕಿಟಕಿ ತೆರೆದು ಗಾಳಿಯಾಡಿಸಿ, ಹಾಸಿಗೆ ಮಡಚಿಟ್ಟಳು.

ಸುದ್ದಿ ಪೋಲೆಂಡಿನ ಗೆಳತಿಯಿಂದಲೇ ಬರುತ್ತಿತ್ತು. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಎರ್ಲಿಂಗ್ ತಾಯಿಯನ್ನು ದಿನಾ ಶೆಡ್ಡಿಗೆ ಕರೆತರುತ್ತಾನಂತೆ. ಜನ ಅವಳನ್ನು ಮೆಚ್ಚಿದ್ದು ನೋಡಿ ಮಾಲೀಕರು ಒಂದು ಮೆತ್ತನೆಯ ಕುರ್ಚಿ ಹಾಕಿಸಿದ್ದಾರಂತೆ. ಈಗ ಹಿಮದಲ್ಲಿ ಓಡಿದ ಭಾಗವನ್ನು ಸಾಲ್ವೋರಳೇ ಹೇಳುತ್ತಾಳಂತೆ, ಮಗ ಸಲಾಕೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾನಂತೆ.

ವಸಂತದ ಹೊತ್ತಿಗೆ ಒಂದು ಸಂಜೆ ಓಡ್ನಿ ಮೀನು ಹುರಿಯುತ್ತಿದ್ದಾಗ ಫೋನ್ ಬಂತು. ಸಾಲ್ವೋರ್ ಕ್ಷೇಮ ಕೇಳಲಿಲ್ಲ.

"ಅವತ್ತು ಹೊರಟಿದ್ದು ಮುಂಬಾಗಿಲಿಂದಲೋ ಹಿಂಬಾಗಿಲಿಂದಲೋ? ಜನ ಕೇಳ್ತಾರೆ. ನಂಗೆ ಮರ್ತೇಹೋಗಿದೆ."

ಮುಂಬಾಗಿಲು ಹಿಮದಲ್ಲಿ ಹೂತಿತ್ತು. ಹಿಂಬಾಗಿಲ ಹೊಸ್ತಿಲಲ್ಲಿ ಓಡ್ನಿ ಎಡವಿ ಮೊಣಕಾಲೂರಿದ್ದಳು. ಬೆನ್ನ ಮೇಲಿದ್ದ ಅತ್ತೆ ನೋವಿಗೆ ಅವಳ ಕೂದಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅದೆಲ್ಲ ಅವಳಿಗೆ ನಿನ್ನೆ ನಡೆದಂತೆ ನೆನಪಿತ್ತು.

"ನಿನ್ನ ಮಗನ್ನ ಕೇಳು" ಎಂದು ಹೇಳಿ ಓಡ್ನಿ ಫೋನ್ ಇಟ್ಟಳು. ಮೀನು ಸೀಯುವ ಮುಂಚೆ ಮಗುಚಿಹಾಕಿದಳು.