ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಗೇಶೆ

ಆ ಊರಿಗೆ ಅಗಲವೇ ಇರಲಿಲ್ಲ, ಬರೀ ಉದ್ದ. ಜೌಗು ನೆಲದಿಂದ ಉರುವಲಿನ ಕರಿಮಣ್ಣು ಕಡಿದು ದೋಣಿಯಲ್ಲಿ ಸಾಗಿಸಲೆಂದು ಹಿಂದಿನವರು ತೋಡಿದ್ದ ನೇರ ಕಾಲುವೆ. ಅದರ ಎರಡೂ ದಡಕ್ಕೆ ಒಂದೊಂದು ಸಾಲು ಕೆಂಪು ಇಟ್ಟಿಗೆಯ ಮನೆಗಳು. ಸೇತುವೆಗಳು ದೂರ ದೂರ. ಹಾಗಾಗಿ ದಕ್ಷಿಣ ದಡದ ಗೇಶೆ, ಉತ್ತರ ದಡದ ಓಕೊ ಎದುರುಬದುರು ಮನೆಯವರಾದರೂ ಅವರ ಮಾತೆಲ್ಲ ನೀರಿನ ಮೇಲಿನ ಕೂಗಾಟವೇ. ಅವಳ ಗಂಡ, ಅವನ ಹೆಂಡತಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ಆ ಜನವರಿಯಲ್ಲಿ ಕಾಲುವೆ ಕಲ್ಲಿನಂತೆ ಹೆಪ್ಪುಗಟ್ಟಿತು. ಊರಿಗೆ ಊರೇ ಹುಚ್ಚೆದ್ದು ಮಂಜುಗಡ್ಡೆಯ ಮೇಲೆ ಜಾರಾಡಲು ಇಳಿಯಿತು. ಗೇಶೆ ಅಟ್ಟದಿಂದ ತೆಗೆದ ಜಾರುಬೂಟಿನ ದಾರ ಬಿಗಿಯುತ್ತಿರುವಾಗಲೇ ಓಕೊ ಸುಯ್ಯನೆ ಜಾರುತ್ತ ಅವಳ ಮೆಟ್ಟಿಲ ಬುಡಕ್ಕೆ ಬಂದ.

“ಏನ್ ಗೇಶೆ, ಇಳೀತೀಯೋ, ಇಲ್ಲ ಕೈ ಹಿಡ್ಕೊಂಡು ಇಳಿಸ್ಬೇಕೋ?”

“ಕಾಲುವೆ ತೋಡಿದ್ದೇ ನಮ್ಮ ದಡದೋರು ಕಣೋ. ಕೆಲಸ ಎಲ್ಲಾ ಮುಗಿದ್ಮೇಲೆ ಬಂದು ಮನೆ ಕಟ್ಕೊಂಡೋರು ನೀವು. ನಂಗೆ ಇಳಿಯೋದು ಹೇಳ್ಕೊಡ್ತೀಯಾ?”

“ಮೊದ್ಲು ದೋಣಿ ಬಿಟ್ಟಿದ್ದು ನಮ್ಮ ಮುತ್ತಜ್ಜ!”

“ಬಿಟ್ಟ, ಅವತ್ತೇ ಮುಳುಗಿಸ್ದ. ಅದನ್ನೂ ಹೇಳು!”

ಹಳೇ ತೂಬಿನವರೆಗೆ ಪಂದ್ಯವೆಂದಾಯಿತು. ಗೇಶೆಯ ಮೊಣಕಾಲು ನೋವು ಎಲ್ಲಿ ಹೋಯಿತೋ! ಗಾಳಿ ಕಿವಿಯಲ್ಲಿ ಸಿಳ್ಳೆ ಹಾಕಿತು, ಮನೆಗಳು ಓಡಿದವು, ಒಂದು ದಡ “ಗೇಶೆ! ಗೇಶೆ!” ಎಂದರೆ ಇನ್ನೊಂದು “ಓಕೊ!” ಎಂದು ಅರಚಿತು. ಹಿಂದೆ ಬಿದ್ದ ಓಕೊ ಅವಳ ಕೋಟಿನ ಪಟ್ಟಿಗೆ ಕೈ ಹಾಕಿದ. ಇಬ್ಬರೂ ಬುಗುರಿಯಂತೆ ಗಿರಗಿರನೆ ತಿರುಗಿ, ಬಟಾಣಿ ಸೂಪು ಮಾರುವವನ ಮೇಜಿಗೆ ಗುದ್ದಿ, ಹಂಡೆ ಸಮೇತ ಉರುಳಿದರು.

ಓಕೊನ ಮೀಸೆಯಿಂದ ಸೂಪು ತೊಟ್ಟಿಕ್ಕುತ್ತಿತ್ತು. ಗೇಶೆ ಹೊಟ್ಟೆ ಹಿಡಿದುಕೊಂಡು ನಕ್ಕಳು; ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ ಅವಳಿಗೇ ನೆನಪಿರಲಿಲ್ಲ. ಅವನು ಏಳದೆಯೇ ಕೇಳಿಬಿಟ್ಟ: “ನನ್ನ ಮದ್ವೆ ಆಗ್ತೀಯಾ?”

“ಯಾವ ದಡದಲ್ಲಿರೋದು?”

ಅಷ್ಟೇ ಸಾಕಾಯಿತು. ಸುತ್ತ ನೆರೆದಿದ್ದವರೆಲ್ಲ ಎರಡು ಪಾಳೆಯವಾಗಿ ಜಗಳಕ್ಕೇ ನಿಂತರು. “ನಮ್ ಗೇಶೇನ ಆ ಕಡೆ ಕಳಿಸಲ್ಲ!” “ನಮ್ ಓಕೊ ಮನೆ ಅಳಿಯ ಆಗ್ಬೇಕಾ?”

“ಬಾಯ್ಮುಚ್ರೋ,” ಎಂದು ಗೇಶೆ ಎದ್ದಳು. “ವಾಪಸ್ ಹೋಗೋದಕ್ಕೂ ಪಂದ್ಯ ಇದೆ. ಗೆದ್ದೋರ ದಡ.”

ಹೇಳುತ್ತಲೇ ಹೊರಟುಬಿಟ್ಟಳು. ಓಕೊನ ಒಂದು ಕಾಲು ಇನ್ನೂ ಹಂಡೆಯೊಳಗೇ ಇತ್ತು. “ಏಯ್, ಮೋಸ! ಮೋಸ!” ಎಂದು ಕೂಗುತ್ತ, ನಗುತ್ತ, ಹಂಡೆ ಎಳೆದುಕೊಂಡೇ ಅವಳ ಹಿಂದೆ ಜಾರಿದ.

ಮಾರ್ಚಿನಲ್ಲಿ ಅವನ ಮಂಚ ದೋಣಿಯಲ್ಲಿ ದಕ್ಷಿಣಕ್ಕೆ ಬಂತು. ಮಂಚದ ಮೇಲೆ ಅವನೇ ಕೂತು ಎರಡೂ ದಡಕ್ಕೆ ಟೋಪಿ ಬೀಸುತ್ತಿದ್ದ.