ಬಿಜಲಿಘರಕ್ಕೆ ಜಾಗ

ನಿಜಾಮ್ ಸರ್ಕಾರದ ನೌಕರಿಗೆ ಹೊಸದಾಗಿ ಸೇರಿದ್ದ ಧರ್ಮಣ್ಣನಿಗೆ ಸಿಕ್ಕ ಮೊದಲ ಕೆಲಸ, ಜಹೀರಾಬಾದಿನ ಹೊಸ ಮನೆಗಳಿಗೆ ಕರೆಂಟು ಹಂಚುವ ಬಿಜಲಿಘರಕ್ಕೆ ಜಾಗ ಆರಿಸಿ ನಕ್ಷೆ ಬರೆಯುವುದು. ತಪ್ಪಿದರೆ ನೌಕರಿಯೇ ಹೋಗುತ್ತಿತ್ತು. ಬೇಸಿಗೆಯಲ್ಲಿ ಅಂಗೈಯಂತೆ ಸಮನಾಗಿದ್ದ ಬಯಲಿನಲ್ಲಿ ಗೂಟ ಹೊಡೆದು, ರಾಜ್ಯ ಗೆದ್ದ ರಾಜಕುಮಾರನಂತೆ ಮೀಸೆ ತಿರುವಿದ.

ಕುರಿ ಕಾಯುವ ಶರಣಬಸಮ್ಮ ನಕ್ಕಳು. "ಸಾಹೇಬ್ರ, ಮಳಿಗಾಲದಾಗ ಇಲ್ಲಿ ಎದಿಮಟ ನೀರು ನಿಂದರ್ತದ. ನಿಮ್ಮ ಕರೆಂಟಿಗಿ ಈಸಾಕ ಬರ್ತದೇನ್ರಿ?"

"ಮತ್ತ ಎಲ್ಲಿ ಕಟ್ಟಬೇಕವ್ವ?"

"ಮಳಿಯಾಗ ನನ್ನ ನಲವತ್ತು ಕುರಿ ಹೋಗಿ ನಿಲ್ಲೋ ದಿಬ್ಬದ ಮ್ಯಾಲ."

ಹೈದರಾಬಾದಿನಲ್ಲಿ ಮೂರು ವರ್ಷ ಓದಿದ್ದ ಧರ್ಮಣ್ಣ ಗೂಟ ಕಿತ್ತುಕೊಂಡು ಕುರಿಗಳ ಹಿಂದೆ ದಿಬ್ಬ ಹತ್ತಿದ.

ಮರುವಾರ ಬಂದ ದೊಡ್ಡ ಸಾಹೇಬರು ಜಾಗ ಮೆಚ್ಚಿ, "ಯಾರು ಆರಿಸಿದ್ದು?" ಎಂದರು.

"ನಲವತ್ತು ಕುರಿಗೋಳು ಸಾಹೇಬ್ರ," ಎಂದ ಧರ್ಮಣ್ಣ. "ನಕ್ಷಾ ಬರದದ್ದು ನಲವತ್ತೊಂದನೇದು."