ಹಣೆಗೆ ಬೀಳದ ನೀರು

ಎಸಿಯ ಗಾಳಿ ನೇರ ಕತ್ತಿನ ಹಿಂದೆಯೇ ಬೀಳುತ್ತದೆ, ಸೆರಗು ಎಳೆದುಕೊಂಡರೂ ಹುಡುಕಿಕೊಂಡು ಬರುತ್ತದೆ, ಹೊರಗೆ ಮಣಿಪಾಲದ ಬಿಸಿಲು, ಒಳಗೆ ಆಸ್ಪತ್ರೆಯ ಈ ಚಳಿ, ಆದರೆ ಅವು ಇರುವಲ್ಲಿಯ ಚಳಿ ಇದಲ್ಲ — ಸೊಸೆ ಶಾರ್ಲೆಟ್ ಹೇಳಿದ್ದಳು, ನಮ್ಮ ಫ್ರಿಜ್ಜಿನ ಹಾಗಲ್ಲ ಮಮ್ಮಿ, ಅದರಲ್ಲಿ ಬೆರಳಿಟ್ಟರೆ ಬೆರಳೇ ಉಳಿಯುವುದಿಲ್ಲ — ಅಂಥ ಚಳಿಯಲ್ಲಿ ಮೂರು ಭ್ರೂಣ, ನಮ್ಮ ವನೆಸ್ಸಾಳ ಜೊತೆಗೇ ಗಾಜಿನ ತಟ್ಟೆಯಲ್ಲಿ ಆದವು, ಅವಳನ್ನು ಎತ್ತಿ ಸೊಸೆಯ ಹೊಟ್ಟೆಯೊಳಗೆ ಇಟ್ಟರು, ಇವನ್ನು ಮತ್ತೆ ನೋಡುವ ಎಂದು ಬಿಟ್ಟರು, ಅವಳು ಈಗ ಸಂಜೆಯ ತೇರ್ಸಿನ ಪ್ರಾರ್ಥನೆಗೆ ನನ್ನ ಮಡಿಲಲ್ಲಿ ಕೂತು ಜಪಮಣಿ ಬಾಯಿಗೆ ಹಾಕುತ್ತಾಳೆ, ಇವು ಹಾಗೆಯೇ ಉಂಟು, ಇವತ್ತಿನವರೆಗೆ. ಇನ್ನು ಇಡುವುದು ಬೇಡ ಎಂದು ಹೇಳಲಿಕ್ಕೆ ಶಾರ್ಲೆಟ್ ಒಳಗೆ ಹೋಗಿದ್ದಾಳೆ. ಬೇಡ ಅನ್ನಬೇಡ ಎನ್ನಲು ನನಗೆ ಯಾವ ಬಾಯಿ, ವನೆಸ್ಸಾ ಹುಟ್ಟುವಾಗ ರಕ್ತ ನಿಲ್ಲಲೇ ಇಲ್ಲ, ಇನ್ನೊಮ್ಮೆ ಬಸುರಾದರೆ ತಾಯಿಯೇ ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರು, ಮಗ ಜೋವಿನ್ ಕುವೈತಿನಿಂದ ಫೋನಿನಲ್ಲಿ, ಮಮ್ಮಿ ಅವು ಮಕ್ಕಳಲ್ಲ, ಕಣ್ಣಿಗೆ ಕಾಣದ ಚುಕ್ಕೆ — ಹಾಗಾದರೆ ವನೆಸ್ಸಾ ಎಂತ ಆಗಿದ್ದಳು ಮಗಾ ಎಂದೆ. ಇಗರ್ಜಿಗೆ ಹೋಗಿ ಕೇಳಿದರೆ ಫಾದರ್ ಆಲ್ಫೋನ್ಸ್ ಕನ್ನಡಕ ಒರೆಸಿದರು, ಒರೆಸುತ್ತಲೇ ಇದ್ದರು, ಮಾಡುವಾಗ ಇಗರ್ಜಿಯನ್ನು ಕೇಳಲಿಲ್ಲ ಪ್ಯಾಟ್ರಿಶಿಯಾ ಬಾಯಿ, ಈಗ ಕೇಳಿದರೆ ನಾನು ಎಂತ ಹೇಳುವುದು, ಇಡುವುದೂ ಸರಿಯಲ್ಲ, ಬಿಸಾಡುವುದೂ ಸರಿಯಲ್ಲ, ಪ್ರಾರ್ಥನೆ ಮಾಡಿ. ಮಾಡಿದೆ. ಚೀಲದೊಳಗೆ ಕೈ ಹಾಕಿದರೆ ಪ್ಲಾಸ್ಟಿಕ್ಕಿನ ಮರಿಯಮ್ಮ ಸಿಗುತ್ತಾಳೆ, ಮೂರ್ತಿಯ ಹಾಗಿನ ಸೀಸೆ, ನೀಲಿ ಕಿರೀಟ ತಿರುಗಿಸಿದರೆ ಅದೇ ಮುಚ್ಚಳ, ಒಳಗೆ ಫಾದರ್ ಮಂತ್ರಿಸಿ ಕೊಟ್ಟ ನೀರು, ಎಂತಕ್ಕೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸಾಯುವ ಜೀವಕ್ಕೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು, ಪಾದ್ರಿಯೇ ಆಗಬೇಕೆಂದಿಲ್ಲ, ಅದು ನನಗೆ ಅಮ್ಮನಿಂದ ಗೊತ್ತು — ಕಾರ್ಕಳದ ಆಚೆ ಅಮ್ಮ ಹೆರಿಗೆ ಮಾಡಿಸಲು ಹೋಗುವಾಗ ನಾನು ಹಿಂದೆ, ಅಳದ ಕೂಸು, ನೀಲಿಯಾದ ಕೂಸು, ಅಮ್ಮ ಅಂಗೈಯಲ್ಲಿ ನೀರು ತೆಗೆಯುತ್ತಾಳೆ, ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ, ಬೆರಳ ಸಂದಿನಿಂದ ಹನಿ ಇಳಿಯುತ್ತದೆ, ಕೆಳಗೆ ಒಂದು ಹಣೆ, ನನ್ನ ಎರಡು ಬೆರಳಿನಷ್ಟು ಅಗಲ. ಹಾಗೆ ನೀರು ಬಿದ್ದವರೆಲ್ಲ ಸತ್ತರು, ಅಮ್ಮನ ಕೈಯ ನೀರೇ ಕೊಲ್ಲುವುದು ಎಂದು ನಾನು ಎಷ್ಟೋ ಕಾಲ ಅವಳಿಂದ ತಲೆ ತೊಳೆಸಿಕೊಳ್ಳಲಿಲ್ಲ, ಅಯ್ಯೋ ಪೆದ್ದಿ, ನೀರು ಕೊಲ್ಲುವುದಲ್ಲ, ಬಾಗಿಲು ತೆರೆಯುವುದು, ಎಂದು ನಕ್ಕಳು, ಮತ್ತೆ ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಸಂಜೆಗಳಲ್ಲಿ ಅಪ್ಪ ಕಣ್ಣು ಮುಚ್ಚಿ ರಾಗ ಎಳೆಯುತ್ತಿದ್ದರು — ಮಣ್ಣಿಗೂ ಮೊದಲು ನೀರಿತ್ತು, ನೀರಿಗೂ ಮೊದಲು ಕರೆಯಿತ್ತು — ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ, ಕೇಳುವುದೊಂದೇ ನನಗೆ ಬಂದದ್ದು, ಆದರೆ ಇವತ್ತು ಮಾತಾಡಿದೆ. ಲ್ಯಾಬಿನ ಹುಡುಗಿ ಕುಡಿಯುವ ನೀರಿನ ಬಾಟಲಿ ತುಂಬಿಸಲು ಹೊರಗೆ ಬಂದಳು, ಎದೆಯ ಮೇಲೆ ಹೆಸರು, ಆಶ್ರಿತಾ. ಬೇಡವಾದದ್ದನ್ನು ಹೇಗೆ ಮಾಡುವುದು ಮಗಾ, ಎಂದೆ. ಎಂತ ಮಾಡಲಿಕ್ಕೂ ಇಲ್ಲ ಅಮ್ಮ, ಚಳಿಯಿಂದ ಹೊರಗೆ ತೆಗೆದು ಇಡುವುದು, ತನ್ನಷ್ಟಕ್ಕೆ ಆಗುತ್ತದೆ. ಎಲ್ಲಿ ಇಡುವುದು. ಮೇಜಿನ ಮೇಲೆ. ಆಗ ನೀನು ಒಂದು ಹನಿ, ಒಂದೇ ಒಂದು ಹನಿ ನೀರು, ಹೆಸರು ನಾನು ಹೇಳುತ್ತೇನೆ, ನೀನು ಹಾಕಿದರೆ ಸಾಕು — ಹುಡುಗಿ ನಗಲಿಲ್ಲ, ನಕ್ಕಿದ್ದರೆ ಒಳ್ಳೆಯದಿತ್ತು, ಬಾಟಲಿಯ ಮುಚ್ಚಳ ಹಾಕಿದಳು, ಮೆಲ್ಲ ಹೇಳಿದಳು, ಬರೀ ನೀರು ಅವಕ್ಕೆ ಆಗುವುದಿಲ್ಲ ಅಮ್ಮ, ನೀರು ತಾಗಿದರೆ ಊದಿ ಒಡೆದುಹೋಗುತ್ತವೆ.

ಒಡೆದುಹೋಗುತ್ತವೆ. ಅಮ್ಮಾ, ನೀನು ಸುಳ್ಳು ಹೇಳಿದೆಯಾ, ಇಲ್ಲ, ಈ ಹುಡುಗಿಯೂ ಸುಳ್ಳು ಹೇಳುವವಳಲ್ಲ, ಹಾಗಾದರೆ ಬಾಗಿಲು ತೆರೆಯುವ ನೀರೇ, ಅದೇ ನೀರೇ — ಮರಿಯಮ್ಮನ ಕಿರೀಟ ತಿರುಗಿಸಿದ್ದು ಯಾವಾಗ, ಅಂಗೈ ತುಂಬಿದೆ, ಎಸಿ ಗಾಳಿಗೆ ನೀರು ತಣ್ಣಗೆ ನಡುಗುತ್ತದೆ, ಆ ಬಾಗಿಲ ಹಿಂದೆ ಈಗ ಮೇಜಿನ ಮೇಲೆ ಇಟ್ಟರೋ, ಇಡುತ್ತಿದ್ದಾರೋ, ಶಾರ್ಲೆಟ್ ಬರುತ್ತಾಳೆ, ಲಿಪ್‌ಸ್ಟಿಕ್ ಅಳಿಸಿಹೋದ ಬಾಯಿ, ಆಯಿತು ಮಮ್ಮಿ, ಹೋಗುವ, ವನೆಸ್ಸಾಳ ನರ್ಸರಿ ಬಿಡುತ್ತದೆ, ಅಯ್ಯೋ ಕೈ ಎಂತ ಇದು ಒದ್ದೆ, ಅವಳು ಕರ್ಚೀಫು ಹುಡುಕುತ್ತಾಳೆ, ನಾನು ಕೈ ಕೊಡುವುದಿಲ್ಲ, ಮಡಚುವುದಿಲ್ಲ, ಕೂಸು ಅಳಲಿಲ್ಲ, ಅಮ್ಮನ ಅಂಗೈ, ನನ್ನ ಅಂಗೈ, ಪಿತನ, ಸುತನ, ಬೆರಳ ಸಂದು, ಹನಿ ಇಳಿಯುತ್ತದೆ, ಕೆಳಗೆ ಬಿಳಿ ಟೈಲ್ಸು, ಕೆಳಗೆ ಒಂದು ಹಣೆ — ಹಣೆ ಆಗುವ ಮೊದಲು, ಹನಿ, ಕೆಳಗೆ —